ಸರ್ಕಾರ ಕೈ ಬಿಗಿ ಹಿಡಿದಾಗ: ಬ್ರಿಟನ್ನಿನ ಸಾಮಾಜಿಕ ಉದ್ಯಮಗಳಿಗೆ ಹಣ ಬಂದ ದಾರಿ

2010ರ ಜುಲೈನಲ್ಲಿ ಬ್ರಿಟನ್ನಿನ ಆಗಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಲಿವರ್‌ಪೂಲ್‌ನಲ್ಲಿ ‘ಬಿಗ್ ಸೊಸೈಟಿ’ ಯೋಜನೆಗೆ ಚಾಲನೆ ಕೊಟ್ಟರು. ಸರ್ಕಾರ ಮಾಡುತ್ತಿದ್ದ ಎಷ್ಟೋ ಕೆಲಸಗಳನ್ನು ಇನ್ನು ಊರಿನ ಜನ, ಸ್ವಯಂಸೇವಾ ಸಂಸ್ಥೆಗಳು, ಸಾಮಾಜಿಕ ಉದ್ಯಮಗಳು ವಹಿಸಿಕೊಳ್ಳಲಿ ಎಂಬುದು ಅದರ ತಿರುಳು. ಮೂರು ತಿಂಗಳು ಕಳೆದು ಅಕ್ಟೋಬರ್ 20ರಂದು ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ 8,100 ಕೋಟಿ ಪೌಂಡ್ ವೆಚ್ಚ ಕಡಿತ ಪ್ರಕಟಿಸಿದರು. ಸ್ಥಳೀಯ ಕೌನ್ಸಿಲ್‌ಗಳಿಗೆ ಕೇಂದ್ರದಿಂದ ಬರುವ ಹಣದಲ್ಲಿ ನಾಲ್ಕು ವರ್ಷಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಖೋತಾ ಆಗಲಿತ್ತು. 2011ರ ಫೆಬ್ರುವರಿಯಲ್ಲಿ, ಈ ಕಡಿತದ ಕಾರಣ ಕೊಟ್ಟು ಲಿವರ್‌ಪೂಲ್ ಕೌನ್ಸಿಲ್ಲೇ ಯೋಜನೆಯಿಂದ ಹೊರಬಂತು.

ಸಾಮಾಜಿಕ ಉದ್ಯಮ ಸರಕು ಅಥವಾ ಸೇವೆ ಮಾರಿ ದುಡಿಯುತ್ತದೆ, ಲಾಭವನ್ನು ಸಮಾಜದ ಕೆಲಸಕ್ಕೇ ತೊಡಗಿಸುತ್ತದೆ. ಆದರೆ ಅದರ ಗಿರಾಕಿ ಯಾರು? ವೃದ್ಧರ ಆರೈಕೆ, ನಿರುದ್ಯೋಗಿಗಳ ತರಬೇತಿ, ಅಂಗವಿಕಲರ ಸಾರಿಗೆಯಂಥ ಕೆಲಸಗಳಿಗೆ ಹಣ ಕೊಡುವುದು ಬಹುಪಾಲು ಸರ್ಕಾರವೇ. ಕೌನ್ಸಿಲ್ ಬಡವಾದಾಗ ಈ ಉದ್ಯಮಗಳ ಬಾಗಿಲಿಗೆ ಬರುವ ಜನ ಹೆಚ್ಚುತ್ತಾರೆ, ಬಿಲ್ ಪಾವತಿಸುವ ಕೈ ಮಾತ್ರ ಬರಿದಾಗುತ್ತದೆ. ಮುಂದಿನ ಹತ್ತು ವರ್ಷಗಳ ತೊಡಕೆಲ್ಲ ಇಲ್ಲಿಂದಲೇ ಹುಟ್ಟಿತು ಎಂದು ನನಗನಿಸುತ್ತದೆ.

ಇಂಥ ಉದ್ಯಮದ ಬೇರು ಹಳೆಯದು. 1844ರಲ್ಲಿ ರಾಚ್‌ಡೇಲ್‌ನ ಕಾರ್ಮಿಕರು ತಾವೇ ದುಡ್ಡು ಕೂಡಿಸಿ ಸಹಕಾರಿ ಅಂಗಡಿ ತೆರೆದಿದ್ದರು. ಸರ್ಕಾರ ಇದನ್ನೊಂದು ನೀತಿಯಾಗಿ ಕೈಗೆತ್ತಿಕೊಂಡಿದ್ದು ಟೋನಿ ಬ್ಲೇರ್ ಕಾಲದಲ್ಲಿ. 2002ರಲ್ಲಿ ಸಾಮಾಜಿಕ ಉದ್ಯಮಕ್ಕೆಂದೇ ಕಾರ್ಯತಂತ್ರ ಬಂತು. 2004ರಲ್ಲಿ ಸಾರ್ವಜನಿಕ ಸೇವೆ ನೀಡುವ ಸಂಸ್ಥೆಗಳಿಗೆ ಸಾಲ ಕೊಡಲು ‘ಫ್ಯೂಚರ್‌ಬಿಲ್ಡರ್ಸ್’ ನಿಧಿ ಶುರುವಾಯಿತು. 2005ರಲ್ಲಿ ‘ಸಮುದಾಯ ಹಿತಾಸಕ್ತಿ ಕಂಪನಿ’ ಎಂಬ ಹೊಸ ಕಾನೂನು ರೂಪ ಜಾರಿಯಾಯಿತು. ಅದರ ಆಸ್ತಿಯನ್ನು ಯಾರೂ ಹಂಚಿಕೊಂಡು ಹೋಗುವಂತಿಲ್ಲ, ಷೇರುದಾರರಿಗೆ ಕೊಡುವ ಲಾಭಾಂಶಕ್ಕೂ ಮಿತಿಯಿದೆ.

ಈ ಬೀಗ ಒಳ್ಳೆಯದೇ. ಸಮುದಾಯಕ್ಕಾಗಿ ಕಟ್ಟಿದ್ದನ್ನು ಯಾರೋ ಮಾರಿಕೊಳ್ಳಲಾಗದು. ಆದರೆ ಇದಕ್ಕೊಂದು ಬೆಲೆಯಿತ್ತು. ಸಾಮಾನ್ಯ ಕಂಪನಿ ಬೆಳೆಯಲು ಷೇರು ಮಾರುತ್ತದೆ. ಸೋತರೆ ಹೂಡಿದವರು ನಷ್ಟ ಹೊರುತ್ತಾರೆ, ಗೆದ್ದರೆ ಲಾಭ ಪಡೆಯುತ್ತಾರೆ. ಲಾಭಕ್ಕೆ ಮಿತಿಯಿದ್ದರೆ, ಅಥವಾ ಮಾರಲು ಷೇರೇ ಇಲ್ಲದಿದ್ದರೆ, ಅಂಥ ಹೂಡಿಕೆದಾರ ಬರುವುದು ಕಷ್ಟ. ಉಳಿಯುವುದು ಸಾಲ. ಬಾಡಿಗೆ ಕಟ್ಟಡದಲ್ಲಿ ಕೆಲಸ ಮಾಡುವ ಪುಟ್ಟ ಸಂಸ್ಥೆಗೆ ಅಡ ಇಡಲು ಏನಿರುತ್ತದೆ? ಮೊದಲು ಈ ಕೊರತೆಯನ್ನು ಅನುದಾನ ತುಂಬುತ್ತಿತ್ತು. 2010ರ ನಂತರ ಅನುದಾನದ ಜಾಗಕ್ಕೆ ಟೆಂಡರ್ ಬಂತು, ಅದರ ಜೊತೆಗೆ ‘ಫಲಿತಾಂಶ ತೋರಿಸಿದ ಮೇಲೆ ಹಣ’ ಎಂಬ ಷರತ್ತೂ ಬಂತು. ಹಣ ಕೈಸೇರುವವರೆಗೆ ಸಂಬಳ ಕೊಡಲು ಗಂಟಿರಬೇಕು. ಅದು ಇದ್ದದ್ದು ದೊಡ್ಡ ಖಾಸಗಿ ಕಂಪನಿಗಳ ಬಳಿ.

ಸರ್‍ರೆ ಪ್ರಾಂತ್ಯದ ಪ್ರಸಂಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ‘ಸೆಂಟ್ರಲ್ ಸರ್‍ರೆ ಹೆಲ್ತ್’ 2006ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯಿಂದ ಹೊರಬಂದು ನೌಕರರೇ ಒಡೆಯರಾಗಿ ಕಟ್ಟಿದ ಸಂಸ್ಥೆ. ಸರ್ಕಾರ ಅದನ್ನು ಮಾದರಿ ಎಂದು ಹೊಗಳಿತ್ತು. 2011ರಲ್ಲಿ ಪಕ್ಕದ ಪ್ರದೇಶದ ಸಮುದಾಯ ಆರೋಗ್ಯ ಸೇವೆಯ ದೊಡ್ಡ ಗುತ್ತಿಗೆಗೆ ಅದು ಅರ್ಜಿ ಹಾಕಿತು. ಗುತ್ತಿಗೆ ಹೋದದ್ದು ದೊಡ್ಡ ಖಾಸಗಿ ಕಂಪನಿಯಾದ ವರ್ಜಿನ್ ಸಮೂಹದ ಒಡೆತನವಿದ್ದ ಅಶ್ಯೂರಾ ಮೆಡಿಕಲ್‌ಗೆ.

2012ರ ಏಪ್ರಿಲ್‌ನಲ್ಲಿ ‘ಬಿಗ್ ಸೊಸೈಟಿ ಕ್ಯಾಪಿಟಲ್’ ಎಂಬ ಹೂಡಿಕೆ ಸಂಸ್ಥೆ ಹುಟ್ಟಿತು. ಹದಿನೈದು ವರ್ಷ ಯಾರೂ ಮುಟ್ಟದ ಬ್ಯಾಂಕ್ ಖಾತೆಗಳ ಹಣವನ್ನು ಒಳ್ಳೆಯ ಕೆಲಸಕ್ಕೆ ಬಳಸಲು 2008ರಲ್ಲೇ ಕಾಯ್ದೆಯಾಗಿತ್ತು. ಅದರಿಂದ 40 ಕೋಟಿ ಪೌಂಡ್, ಬಾರ್ಕ್ಲೇಸ್, ಎಚ್‌ಎಸ್‌ಬಿಸಿ, ಲಾಯ್ಡ್ಸ್, ಆರ್‌ಬಿಎಸ್ ಬ್ಯಾಂಕುಗಳಿಂದ 20 ಕೋಟಿ ಪೌಂಡ್ ಇದಕ್ಕೆ ಮೂಲಧನ. ನೇರವಾಗಿ ಸಂಸ್ಥೆಗಳಿಗಲ್ಲ, ಮಧ್ಯವರ್ತಿ ನಿಧಿಗಳಿಗೆ ಹಣ ಕೊಡುವುದು ಅದರ ಕ್ರಮ. ಪ್ರತಿ ಹಂತದಲ್ಲೂ ಖರ್ಚು ಗಿಟ್ಟಬೇಕು, ಆದಾಯವೂ ಬೇಕು. ಹೀಗಾಗಿ ಸಾಲ ಸುಲಭವಾಗಿ ಸಿಕ್ಕಿದ್ದು ಆಸ್ತಿ, ಆದಾಯ ಎರಡೂ ಇದ್ದವರಿಗೆ. ಅಡಮಾನವಿಲ್ಲದೆ ಸಣ್ಣ ಮೊತ್ತ ಕೇಳಿದವರು ಹೊರಗೇ ಉಳಿದರು.

ಈ ಕೊರತೆಯನ್ನು ಒಪ್ಪಿಕೊಂಡು 2015ರಲ್ಲಿ ‘ಆ್ಯಕ್ಸೆಸ್’ ಎಂಬ ಪ್ರತಿಷ್ಠಾನ ಸ್ಥಾಪಿಸಿದರು. ಲಾಟರಿ ನಿಧಿಯ ಅನುದಾನವನ್ನೂ ಬಿಗ್ ಸೊಸೈಟಿ ಕ್ಯಾಪಿಟಲ್‌ನ ಸಾಲವನ್ನೂ ಬೆರೆಸಿ 1.5 ಲಕ್ಷ ಪೌಂಡ್‌ವರೆಗೆ ಕೊಡುವ ಏರ್ಪಾಡು ಇದರದಾಗಿತ್ತು. ಮರುಪಾವತಿ ಆಗದಿದ್ದರೆ ನಷ್ಟದ ಒಂದು ಪಾಲನ್ನು ಅನುದಾನ ಹೊರುತ್ತಿತ್ತು. ಅಪಾಯ ಹೊರಲು ಅನುದಾನ ಬೇಕೇ ಬೇಕು ಎಂದು ತಿಳಿಯಲು ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ಮುಚ್ಚಿಹೋದ ಪುಟ್ಟ ಸಂಸ್ಥೆಗಳನ್ನು ನೆನೆದರೆ ಸಂಕಟವಾಗುತ್ತದೆ.

2012ರ ‘ಸಾಮಾಜಿಕ ಮೌಲ್ಯ ಕಾಯ್ದೆ’ ಸೇವೆಗಳ ಗುತ್ತಿಗೆ ಕೊಡುವಾಗ ಸಮಾಜಕ್ಕೆ ಆಗುವ ಪ್ರಯೋಜನವನ್ನೂ ಪರಿಗಣಿಸಿ ಎಂದಿತು. ಪರಿಗಣಿಸಿದರೆ ಸಾಕು, ಅದಕ್ಕೆ ಇಂತಿಷ್ಟು ಅಂಕ ಕೊಡಲೇಬೇಕೆಂದಿರಲಿಲ್ಲ. ಬೊಕ್ಕಸ ಬರಿದಾದ ಕೌನ್ಸಿಲ್‌ನಲ್ಲಿ ಕಡಿಮೆ ದರದ ಟೆಂಡರ್‌ಗಿದ್ದ ಸೆಳೆತವನ್ನು ತಡೆಯಲು ಇಷ್ಟು ಸಾಲದು.

ದೊಡ್ಡದಾಗಿ ಬೆಳೆದವರಿಗೂ ಭದ್ರತೆ ಸಿಗಲಿಲ್ಲ. 1982ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಸಮುದಾಯ ಸಾರಿಗೆಯಾಗಿ ಶುರುವಾದ ಎಚ್‌ಸಿಟಿ ಗ್ರೂಪ್, ಟೆಂಡರ್‌ನಲ್ಲಿ ಗೆದ್ದು ಲಂಡನ್ನಿನ ಕೆಂಪು ಬಸ್ಸುಗಳನ್ನೂ ಓಡಿಸಿತು. ಅಲ್ಲಿ ಉಳಿದ ಲಾಭದಲ್ಲಿ ವೃದ್ಧರಿಗೂ ಅಂಗವಿಕಲರಿಗೂ ವಾಹನ ಸೌಲಭ್ಯ ಕೊಡುತ್ತಿತ್ತು. ಸಾಮಾಜಿಕ ಹೂಡಿಕೆ ಪಡೆದು ಬೆಳೆದವರ ಪಟ್ಟಿಯಲ್ಲಿ ಅದರ ಹೆಸರು ಮುಂಚೂಣಿಯಲ್ಲಿತ್ತು. ಕೋವಿಡ್ ಪೆಟ್ಟಿನ ನಂತರ 2022ರಲ್ಲಿ ಕೆಂಪು ಬಸ್ಸುಗಳ ವ್ಯವಹಾರವನ್ನು ಸ್ಟೇಜ್‌ಕೋಚ್ ಎಂಬ ಬಸ್ ಕಂಪನಿಗೆ ಮಾರಿತು. ಅದೇ ವರ್ಷ ಬಾಗಿಲು ಹಾಕಿತು. ಸಾಮಾಜಿಕ ಉದ್ಯಮಗಳಲ್ಲಿ ಹಣ ತೊಡಗಿಸುವವರಿಗೆ 2014ರಿಂದ ಸಿಗುತ್ತಿದ್ದ ಶೇ 30ರ ತೆರಿಗೆ ರಿಯಾಯಿತಿಯನ್ನು 2023ರ ಏಪ್ರಿಲ್‌ನಲ್ಲಿ ಸರ್ಕಾರ ನಿಲ್ಲಿಸಿತು.