ತಕ್ಕಡಿಯ ಖರ್ಚು ಕೇಳಿದವನಿಂದ ಬಂದ ಕಾನೂನು

1981ರಲ್ಲಿ ಅಮೆರಿಕದ ಟ್ಯಾಕ್ಸ್ ಕೋರ್ಟ್ ಒಂದು ವಿಚಿತ್ರ ಕೇಸಿನ ತೀರ್ಪು ಕೊಟ್ಟಿತು. ಮಿನಿಯಾಪೊಲಿಸ್‌ನಲ್ಲಿ ಕದ್ದುಮುಚ್ಚಿ ಮಾದಕ ವಸ್ತು ಮಾರುತ್ತಿದ್ದವನೊಬ್ಬ, ತೂಗುವ ತಕ್ಕಡಿ, ಫೋನ್ ಬಿಲ್ಲು, ಕಾರಿನ ಓಡಾಟ, ಮನೆ ಬಾಡಿಗೆಯ ಒಂದು ಪಾಲು, ಎಲ್ಲವೂ ವ್ಯಾಪಾರದ ಖರ್ಚು, ಆದಾಯದಲ್ಲಿ ಕಳೆಯಿರಿ ಎಂದು ಕೇಳಿದ್ದ. ಕೋರ್ಟು ಬಹುಪಾಲು ಒಪ್ಪಿಕೊಂಡಿತು. ಕಳ್ಳ ವ್ಯಾಪಾರವೂ ವ್ಯಾಪಾರವೇ, ಅಲ್ವಾ?

ಸಂಸತ್ತು ಕೆರಳಿತು. 1982ರಲ್ಲಿ ತೆರಿಗೆ ಕಾನೂನಿಗೆ 280ಇ ಎಂಬ ಕಲಮು ಸೇರಿತು. ನಿಷೇಧಿತ ಮಾದಕ ವಸ್ತು ಮಾರುವವರು ತೆರಿಗೆ ಕಟ್ಟಬೇಕು, ಆದರೆ ಮಾಲಿನ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವ ಹಾಗಿಲ್ಲ.

ಅಮೆರಿಕದ ಮಾದಕ ನಿಷೇಧ ಮೊದಲು ಬಂದಿದ್ದೇ ತೆರಿಗೆಯ ವೇಷದಲ್ಲಿ. ಇಂಥದ್ದನ್ನು ತಿನ್ನಬೇಡಿ, ಕುಡಿಯಬೇಡಿ ಎನ್ನುವ ನೇರ ಅಧಿಕಾರ ಕೇಂದ್ರ ಸರ್ಕಾರಕ್ಕಿಲ್ಲ ಎಂಬ ತಿಳಿವಳಿಕೆ ಆಗ ಗಟ್ಟಿಯಾಗಿತ್ತು. ಅದಕ್ಕೇ 1920ರಿಂದ ಮದ್ಯ ನಿಲ್ಲಿಸಲು ಸಂವಿಧಾನವನ್ನೇ ತಿದ್ದಬೇಕಾಯಿತು. 1933ರಲ್ಲಿ ಅದನ್ನು ತೆಗೆಯಲು ಮತ್ತೊಮ್ಮೆ ತಿದ್ದಿದರು. ಅಫೀಮು, ಕೊಕೇನ್ ವಿಷಯದಲ್ಲಿ ಇಷ್ಟು ಕಷ್ಟಪಡಲಿಲ್ಲ. 1914ರ ಹ್ಯಾರಿಸನ್ ಕಾಯ್ದೆ ಕಾಗದದ ಮೇಲೆ ಬರೀ ತೆರಿಗೆ ಕಾಯ್ದೆ: ವೈದ್ಯರು, ಔಷಧ ಅಂಗಡಿಯವರು ಹೆಸರು ನೋಂದಾಯಿಸಿ, ವರ್ಷಕ್ಕೆ 1 ಡಾಲರ್ ಕಟ್ಟಿ, ಲೆಕ್ಕ ಇಡಿ. 1919ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಹೊಸ ಅರ್ಥ ಕೊಟ್ಟಿತು. ಚಟ ಹತ್ತಿದವನಿಗೆ ಚಟ ನಡೆಸಲೆಂದೇ ಮಾರ್ಫಿನ್ ಬರೆದುಕೊಡುವುದು ವೈದ್ಯಕೀಯವೇ ಅಲ್ಲ ಎಂದಿತು. ಅಲ್ಲಿಂದ ವೈದ್ಯರು ಕೈ ತೊಳೆದುಕೊಂಡರು, ರೋಗಿಗಳು ಕಳ್ಳಸಂತೆ ಹಿಡಿದರು.

1937ರಲ್ಲಿ ಗಾಂಜಾ ಸರದಿ. ಮಾದಕ ವಸ್ತು ಇಲಾಖೆಯ ಮುಖ್ಯಸ್ಥ ಹ್ಯಾರಿ ಆನ್‌ಸ್ಲಿಂಗರ್ ಇದಕ್ಕಾಗಿ ಓಡಾಡಿದರು. ನೋಂದಣಿ ಇದ್ದವರಿಗೆ ಔನ್ಸಿಗೆ 1 ಡಾಲರ್ ತೆರಿಗೆ, ಇಲ್ಲದವರಿಗೆ 100 ಡಾಲರ್. ಇದು ಆದಾಯಕ್ಕಾಗಿ ಹಾಕಿದ ತೆರಿಗೆ ಎಂದು ಯಾರೂ ನಂಬಿರಲಿಕ್ಕಿಲ್ಲ. ತೆರಿಗೆ ಕಟ್ಟಲು ಹೋದರೆ, ನನ್ನ ಹತ್ತಿರ ಗಾಂಜಾ ಇದೆ ಎಂದು ಸರ್ಕಾರದ ಮುಂದೆ ಒಪ್ಪಿಕೊಂಡಂತೆ. ರಾಜ್ಯದ ಕಾನೂನಿನಲ್ಲಿ ಅದು ಅಪರಾಧ. ಕಟ್ಟಿದರೂ ಸಿಕ್ಕಿಬೀಳುತ್ತೀರಿ, ಕಟ್ಟದಿದ್ದರೂ ಸಿಕ್ಕಿಬೀಳುತ್ತೀರಿ. ಟೆಕ್ಸಾಸ್ ಗಡಿಯಲ್ಲಿ ಸಿಕ್ಕಿಬಿದ್ದಿದ್ದ ಹಾರ್ವರ್ಡ್‌ನ ಮಾಜಿ ಅಧ್ಯಾಪಕ ಟಿಮೊಥಿ ಲಿಯರಿ ಇದನ್ನೇ ವಾದಿಸಿ 1969ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು.

ಮರುವರ್ಷವೇ ಸಂಸತ್ತು ತೆರಿಗೆಯ ವೇಷ ಕಳಚಿತು. 1970ರ ಹೊಸ ಕಾಯ್ದೆ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರದ ಮೇಲಿನ ಅಧಿಕಾರವನ್ನು ನೆಪ ಮಾಡಿಕೊಂಡು ನೇರವಾಗಿ ನಿಷೇಧಿಸಿತು. ಐದು ಪಟ್ಟಿ ಮಾಡಿ ಗಾಂಜಾವನ್ನು ಹೆರಾಯಿನ್ ಜೊತೆ ಅತಿ ಬಿಗಿಯಾದ ಒಂದನೆಯದರಲ್ಲಿ ಕೂರಿಸಿತು. ಈ ಸಲ ಸಂವಿಧಾನ ತಿದ್ದುವ ಮಾತೇ ಇಲ್ಲ. ಗಾಂಜಾ ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು. ನನಗೆ ಜಾಸ್ತಿ ಚುಚ್ಚುವುದು ಸಂವಿಧಾನ ತಿದ್ದದೆಯೇ ನಿಷೇಧಿಸಿದ ಈ ರೀತಿ. 1972ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ನ್ಯೂಸ್‌ವೀಕ್ ಅಂಕಣದಲ್ಲಿ ನಿಷೇಧದ ವಿರುದ್ಧ ಬರೆದರು. ಕೇಳುವವರಿರಲಿಲ್ಲ.

ಆಮೇಲೆ ಕಾಲ ತಿರುಗಿತು. 1996ರಲ್ಲಿ ಕ್ಯಾಲಿಫೋರ್ನಿಯಾ ಔಷಧಿಯಾಗಿ ಗಾಂಜಾ ಬಳಸಲು ಒಪ್ಪಿತು. 2012ರಲ್ಲಿ ಕೊಲೊರಾಡೊ, ವಾಷಿಂಗ್ಟನ್ ರಾಜ್ಯಗಳ ಮತದಾರರು ಸುಮ್ನೆ ಸೇದುವವರಿಗೂ ಬಿಟ್ಟುಕೊಟ್ಟರು. ಲೈಸೆನ್ಸ್ ಅಂಗಡಿಗಳು ಬಂದವು. ಆದರೆ ಕೇಂದ್ರದ ಕಾನೂನಿನಲ್ಲಿ ಗಾಂಜಾ ಇನ್ನೂ ಒಂದನೇ ಪಟ್ಟಿಯಲ್ಲೇ ಇತ್ತು, ಹಾಗಾಗಿ ಅವುಗಳ ನೆತ್ತಿಯ ಮೇಲೆ ಹಳೆಯ 280ಇ ಬಂದು ಕೂತಿತು.

ಒಂದು ಲೆಕ್ಕ ಹಾಕಿ. ಅಂಗಡಿಯ ಮಾರಾಟ 10 ಲಕ್ಷ ಡಾಲರ್, ಮಾಲಿನ ಬೆಲೆ 6 ಲಕ್ಷ. ಬಾಡಿಗೆ, ಸಂಬಳ ಎಲ್ಲ ಸೇರಿ 3.5 ಲಕ್ಷ. ಉಳಿದಿದ್ದು 50 ಸಾವಿರ. ಬೇರೆ ಕಂಪನಿಯಾದರೆ ಶೇ 21ರಂತೆ 10,500 ಡಾಲರ್ ತೆರಿಗೆ. ಗಾಂಜಾ ಅಂಗಡಿಗೆ ಮಾಲಿನ ಬೆಲೆ ಮಾತ್ರ ಕಳೆಯಬಹುದು. 4 ಲಕ್ಷದ ಮೇಲೆ 84,000 ಡಾಲರ್! ಲಾಭಕ್ಕಿಂತ ತೆರಿಗೆಯೇ ದೊಡ್ಡದು. ಗಲ್ಲಿಯಲ್ಲಿ ಮಾರುವವನು ರಿಟರ್ನ್ಸೇ ಹಾಕುವುದಿಲ್ಲ, ಅವನಿಗೆ ಈ ಕಲಮು ತಟ್ಟುವುದೇ ಇಲ್ಲ.

2024ರಲ್ಲಿ ನ್ಯಾಯ ಇಲಾಖೆ ಗಾಂಜಾವನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾಪ ಮುಂದಿಟ್ಟಿತು. 280ಇ ಅನ್ವಯಿಸುವುದು ಮೊದಲ ಎರಡು ಪಟ್ಟಿಗಳಿಗೆ ಮಾತ್ರ. ಹಾಗಾಗಿ ಆ ಕಲಮಿನ ಒಂದಕ್ಷರವನ್ನೂ ಮುಟ್ಟದೆ, ಪಟ್ಟಿ ಬದಲಿಸಿದರೆ ಸಾಕು, ಅಂಗಡಿಯವರಿಗೆ ತಮ್ಮ ತಕ್ಕಡಿಯ ಖರ್ಚು ಸಿಗುತ್ತದೆ.