ಮುಖದ ಫೋಟೋಗೆ ಲೆನ್ಸ್: ಮೊದಲು ದೂರ, ಆಮೇಲೆ ಎಂಎಂ

ಕಾಸರಗೋಡು, ಕುಂಬಳೆ ಕಡೆ ಮಳೆಗಾಲ ಮುಗಿದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಚೌಕಿಯಲ್ಲಿ (ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಕ್ಯಾಮೆರಾ, ಫೋನುಗಳದ್ದೇ ಸಾಲು. ಬಣ್ಣ ಹಚ್ಚಿಕೊಳ್ಳುವ ಮುಖ ಅಷ್ಟು ಚೆಂದ ಇರುತ್ತದೆ. ಆದರೆ ಫೋಟೋದಲ್ಲಿ ಎಷ್ಟೋ ಸಲ ಮೂಗು ದಪ್ಪ, ಕಿವಿ ಸಣ್ಣದು. "ವೈಡ್ ಲೆನ್ಸ್ ಮುಖ ಹಾಳು ಮಾಡ್ತದೆ, 85 ಎಂಎಂ ತಕೊಳ್ಳಿ" ಎಂಬ ಸಲಹೆ ಕೂಡಲೇ ಬರುತ್ತದೆ. ಎಂಎಂ ಅಂದರೆ ಲೆನ್ಸಿನ ಫೋಕಲ್ ಲೆಂತ್: ಸಂಖ್ಯೆ ಸಣ್ಣದಾದಷ್ಟು ನೋಟ ಅಗಲ (ವೈಡ್), ದೊಡ್ಡದಾದಷ್ಟು ಕಿರಿದು.

ಸಲಹೆ ಒಳ್ಳೆಯದೇ. ಆದರೆ ಮುಖ ಹಾಳಾಗುವುದು ನಾವು ತೀರಾ ಹತ್ತಿರ ನಿಲ್ಲುವುದರಿಂದ. ಸಣ್ಣ ಲೆಕ್ಕ ಹಾಕೋಣ. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದಿದೆ ಅಂದುಕೊಳ್ಳಿ. ಕ್ಯಾಮೆರಾದಿಂದ ಮೂಗಿಗೆ 30 ಸೆಂ.ಮೀ. ಇದ್ದರೆ ಕಿವಿಗೆ 42 ಆಯ್ತು, ಅಂದರೆ ಕಿವಿಗೆ ಹೋಲಿಸಿದರೆ ಮೂಗು ಶೇ. 40ರಷ್ಟು ಹಿಗ್ಗಿ ಕಾಣುತ್ತದೆ. ಒಂದೂವರೆ ಮೀಟರಿಗೆ ಹಿಂದೆ ಸರಿದರೆ ಇದೇ ವ್ಯತ್ಯಾಸ ಶೇ. 8ಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಲೆನ್ಸ್ ಎಲ್ಲೂ ಬರಲೇ ಇಲ್ಲ, ಅಲ್ವಾ? ನಿಂತ ಜಾಗ ಬದಲಿಸದೆ 24 ಎಂಎಂನಲ್ಲೂ 85ರಲ್ಲೂ ತೆಗೆಯಿರಿ, ಮೊದಲನೆಯದನ್ನು ಕ್ರಾಪ್ ಮಾಡಿ ಪಕ್ಕದಲ್ಲಿಡಿ. ಮುಖದ ಆಕಾರ ಎರಡರಲ್ಲೂ ಒಂದೇ.

ಹಾಗಾದರೆ ಲೆನ್ಸ್ ಮಾಡುವುದೇನು? ಆ ದೂರದಿಂದ ಎಷ್ಟು ಭಾಗ ಫ್ರೇಮಿನೊಳಗೆ ಬರಬೇಕು ಅನ್ನೋದನ್ನು ಅದು ತೀರ್ಮಾನಿಸುತ್ತದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ 85 ಎಂಎಂ ಒಂದೂವರೆ ಮೀಟರಿನಿಂದ ಸುಮಾರು 60 ಸೆಂ.ಮೀ. ಎತ್ತರ ತೋರಿಸುತ್ತದೆ. ತಲೆ, ಭುಜ ಸರಿಯಾಗಿ ಕೂರುತ್ತವೆ. ಅದಕ್ಕೇ ಆ ಲೆನ್ಸಿಗೆ ಇಷ್ಟು ಹೆಸರು. ಎಪಿಎಸ್-ಸಿ, ಅಂದರೆ ಅದಕ್ಕಿಂತ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸೇ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ, ಬೆಲೆಯೂ ಕಡಿಮೆ. ದೊಡ್ಡ ಕಿರೀಟ ಕಟ್ಟಿದ ಮೇಲೆ ಮಾತ್ರ 60 ಸೆಂ.ಮೀ. ಸಾಲದು. ಹಿಂದೆ ಸರಿಯೋಣ ಅಂದರೆ ಚೌಕಿಯಲ್ಲಿ ಜಾಗ ಎಲ್ಲಿದೆ? ಅಲ್ಲಿ ಫುಲ್ ಫ್ರೇಮಿಗೆ 50 ಎಂಎಂ, ಎಪಿಎಸ್-ಸಿಗೆ 35 ಎಂಎಂ ಹಾಕಿಕೊಳ್ಳುವುದೇ ಜಾಣತನ.

ಇನ್ನು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ. ಎಫ್/ ಮುಂದಿನ ಸಂಖ್ಯೆ ಸಣ್ಣದಾದಷ್ಟು ಕಿಂಡಿ ದೊಡ್ಡದು. ಮುಖದ ಚಿತ್ರಕ್ಕೆಂದೇ ಲೆಕ್ಕ ಹಾಕಿ 1840ರಲ್ಲಿ ಜೋಸೆಫ್ ಪೆಟ್ಸ್‌ವಾಲ್ ರೂಪಿಸಿದ ಲೆನ್ಸಿನ ಅಪರ್ಚರ್ ಎಫ್/3.6 ಇತ್ತು. ಫೋಟೋಗಾಗಿ ನಿಮಿಷಗಟ್ಟಲೆ ಅಲ್ಲಾಡದೆ ಕೂರುತ್ತಿದ್ದ ಕಾಲದಲ್ಲಿ ಅದು ದೊಡ್ಡ ಸಂಗತಿ. ಈಗ ಎಫ್/1.8 ಸುಲಭವಾಗಿ ಸಿಗುತ್ತದೆ, ಹಿನ್ನೆಲೆ ಮಸುಕಾಗಲಿ ಅಂತ ಎಲ್ಲರೂ ಅದನ್ನೇ ಪೂರ್ತಿ ತೆರೆಯುತ್ತಾರೆ. ಆದರೆ 85 ಎಂಎಂ ಲೆನ್ಸನ್ನು ಒಂದೂವರೆ ಮೀಟರಿನಲ್ಲಿ ಎಫ್/1.8ಕ್ಕೆ ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಬರೀ 3 ಸೆಂ.ಮೀ. ಯಕ್ಷಗಾನದ ತೆಂಕುತಿಟ್ಟು ಶೈಲಿಯ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದಾಗಿ ಇಟ್ಟ ಚಿಟ್ಟಿ (ಉಬ್ಬಿದ ಬಿಳಿ ಚುಕ್ಕೆ) ಇರುತ್ತದೆ. ಗಂಟೆಗಟ್ಟಲೆ ಕೂತು ಮಾಡಿದ ಆ ಕೆಲಸ ಸುಮ್ನೆ ಮಸುಕಾಗಿ ಹೋದರೆ ಹೊಟ್ಟೆ ಉರಿಯುತ್ತದೆ. ಎಫ್/4ಕ್ಕೆ ಬನ್ನಿ, 7 ಸೆಂ.ಮೀ. ಆಳ ಸಿಗುತ್ತದೆ. ಬೆಳಕು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ ನಿಜ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸಿ. ಚಿಟ್ಟಿ ಕಳೆದುಕೊಳ್ಳುವುದಕ್ಕಿಂತ ಸ್ವಲ್ಪ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಜಾಸ್ತಿ ಆದರೂ ಪರವಾಗಿಲ್ಲ.

ದುಡ್ಡು ಹಾಕುವ ಮೊದಲು ಕ್ಯಾಮೆರಾ ಜೊತೆಗೇ ಬಂದ 18-55 ಕಿಟ್ ಲೆನ್ಸ್ ಹಿಡಿದು ಚೌಕಿಗೆ ಹೋಗಿ. ಕಲಾವಿದರಿಂದ ಒಂದೂವರೆ ಮೀಟರಿಗಿಂತ ಹತ್ತಿರ ಬರದೆ, ಜೂಮ್ ಮಾತ್ರ ತಿರುಗಿಸುತ್ತಾ ತೆಗೆಯಿರಿ. ಮನೆಗೆ ಬಂದು ಇಷ್ಟವಾದ ಫೋಟೋಗಳು ಎಷ್ಟು ಎಂಎಂನಲ್ಲಿ ಬಂದಿವೆ ಅಂತ ಕಂಪ್ಯೂಟರಿನಲ್ಲಿ ನೋಡಿ, ಅದಕ್ಕೆ ಹತ್ತಿರದ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಕೊಳ್ಳಿ.