ಪಿ-ವ್ಯಾಲ್ಯೂ 0.16 ಬಂದಾಗ ‘ವ್ಯತ್ಯಾಸವಿಲ್ಲ’ ಎಂದು ಬರೆಯಬೇಡಿ

ವೈದ್ಯಕೀಯ ಸ್ನಾತಕೋತ್ತರ ಪ್ರಬಂಧಗಳಲ್ಲಿ ಪದೇ ಪದೇ ಕಾಣುವ ಸಾಲು ಇದು: ‘ಪಿ-ವ್ಯಾಲ್ಯೂ 0.05ಕ್ಕಿಂತ ಹೆಚ್ಚಿದೆ, ಆದ್ದರಿಂದ ಎರಡು ಚಿಕಿತ್ಸೆಗಳ ನಡುವೆ ವ್ಯತ್ಯಾಸವಿಲ್ಲ.’ ಪಿ-ವ್ಯಾಲ್ಯೂ ಎಂದರೆ, ವ್ಯತ್ಯಾಸವೇ ಇಲ್ಲದಿದ್ದರೂ ಕಂಡಷ್ಟು ಅಥವಾ ಅದಕ್ಕೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ; 0.05 ರೂಢಿಯ ಮಿತಿ. ಲೆಕ್ಕ ಸರಿಯಿದ್ದರೂ ತೀರ್ಮಾನ ತಪ್ಪು.

ರಕ್ತಹೀನತೆಗೆ ಹಳೆಯ ಮತ್ತು ಹೊಸ, ಎರಡು ಬಗೆಯ ಕಬ್ಬಿಣಾಂಶದ ಮಾತ್ರೆಗಳನ್ನು ಹೋಲಿಸುತ್ತಿದ್ದೇವೆ ಎಂದುಕೊಳ್ಳಿ. ಗುಂಪಿಗೆ 25 ಮಂದಿ. ಕೊನೆಯಲ್ಲಿ ಹೊಸ ಮಾತ್ರೆಯ ಗುಂಪಿನ ಸರಾಸರಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 0.4 ಗ್ರಾಂ ಹೆಚ್ಚಿದೆ, ಎರಡರಲ್ಲೂ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ಸರಾಸರಿಯ ಸುತ್ತ ಮೌಲ್ಯಗಳ ಹರಡಿಕೆ) 1 ಗ್ರಾಂ. ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ (ಆ ಅಂದಾಜಿನ ಅನಿಶ್ಚಿತತೆಯ ಅಳತೆ) 0.28, ಟಿ (ವ್ಯತ್ಯಾಸವನ್ನು ಅದರಿಂದ ಭಾಗಿಸಿದ್ದು) 1.41, ಪಿ 0.16. ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್ (ದತ್ತಾಂಶಕ್ಕೆ ಹೊಂದುವ ನಿಜ ವ್ಯತ್ಯಾಸಗಳ ವ್ಯಾಪ್ತಿ) −0.17ರಿಂದ 0.97. ಅಂದರೆ ಹೊಸ ಮಾತ್ರೆ ತುಸು ಕಳಪೆಯಿರಬಹುದು, ಸುಮಾರು ಒಂದು ಗ್ರಾಂನಷ್ಟು ಉತ್ತಮವೂ ಇರಬಹುದು. ಈ ಅಧ್ಯಯನದಿಂದ ಹೇಳಲಾಗದು. ಪ್ರಬಂಧದಲ್ಲಿ ಬರೆಯಬೇಕಾದದ್ದು ಅದನ್ನೇ.

ಈಗ ಗುಂಪಿಗೆ 100 ಮಂದಿ ಇರಲಿ, ಅದೇ 0.4, ಅದೇ ಎಸ್‌ಡಿ. ಪಿ 0.005ಕ್ಕೆ ಇಳಿಯುತ್ತದೆ, ಇಂಟರ್ವಲ್ 0.12ರಿಂದ 0.68. ಮಾತ್ರೆ ಬದಲಾಗಲಿಲ್ಲ, ಜನರ ಸಂಖ್ಯೆಯಷ್ಟೇ ಬದಲಾಯಿತು. ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ ಎಷ್ಟು ಎಂಬುದನ್ನು ಮಾತ್ರ ಪಿ ಹೇಳುತ್ತದೆ. ಪಿ 0.16 ಬಂದರೆ ಚಿಕಿತ್ಸೆಗಳು ಸಮಾನವಾಗಿರುವ ಸಂಭವ ಶೇ 16 ಎಂದು ಅದರಿಂದ ಓದಿಕೊಳ್ಳಬಾರದು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿಕೆಯಾಗಿ ಹೊರಡಿಸಿತು.

ಹೀಗಾಗಿ ಎಷ್ಟು ಮಂದಿ ಬೇಕೆಂಬ ಲೆಕ್ಕ ಮೊದಲೇ ಆಗಬೇಕು. ಶೇ 80 ಪವರ್‌ಗೆ (ನಿಜವಾದ ವ್ಯತ್ಯಾಸವಿದ್ದರೆ ಅದು ಪತ್ತೆಯಾಗುವ ಸಂಭವ) ಅಂದಾಜು ಸೂತ್ರ: ಎಸ್‌ಡಿಯ ವರ್ಗವನ್ನು 16ರಿಂದ ಗುಣಿಸಿ, ಪತ್ತೆಹಚ್ಚಬೇಕಾದ ವ್ಯತ್ಯಾಸದ ವರ್ಗದಿಂದ ಭಾಗಿಸಿ. ಇಲ್ಲಿ ಎಸ್‌ಡಿ 1, ವ್ಯತ್ಯಾಸ 0.4; ಹಾಗಾಗಿ 16 ÷ 0.16 (0.4ರ ವರ್ಗ), ಗುಂಪಿಗೆ 100. ಶೇ 10 ಮಂದಿ ಅರ್ಧದಲ್ಲೇ ಬಿಡುವ ನಿರೀಕ್ಷೆಯಿದ್ದರೆ 0.9ರಿಂದ ಭಾಗಿಸಿ 112 ಮಂದಿಯನ್ನು ಸೇರಿಸಿಕೊಳ್ಳಿ, 1.1ರಿಂದ ಗುಣಿಸಿದರೆ ಕಡಿಮೆ ಬೀಳುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯಕಾರಿ, ಏಕೆಂದರೆ ನೋಡಲು ಸರಿಯೆನಿಸುತ್ತದೆ. ಎರಡೂ ಗುಂಪಿನಲ್ಲಿ ಮೊದಲು–ನಂತರದ ಪೇರ್ಡ್ ಟಿ-ಟೆಸ್ಟ್ (ಅದೇ ಜನರ ಎರಡು ಅಳತೆಗಳ ಹೋಲಿಕೆ) ಮಾಡುತ್ತಾರೆ. ಒಂದರಲ್ಲಿ ಪಿ 0.03, ಇನ್ನೊಂದರಲ್ಲಿ 0.08. ‘ಮೊದಲನೆಯದೇ ಉತ್ತಮ’ ಎಂದು ಬರೆದುಬಿಡುತ್ತಾರೆ. ಎರಡು ಗುಂಪುಗಳನ್ನು ಪರಸ್ಪರ ಹೋಲಿಸಿಯೇ ಇಲ್ಲ! ಹಾಗೆ ಹೋಲಿಸಲು ಸಂಖ್ಯಾಶಾಸ್ತ್ರದ ತಂತ್ರಾಂಶ ಎಸ್‌ಪಿಎಸ್‌ಎಸ್‌ನಲ್ಲಿ ಜನರಲ್ ಲೀನಿಯರ್ ಮಾಡೆಲ್‌ನ ಯುನಿವೇರಿಯೇಟ್ ತೆರೆದು, ಕೊನೆಯ ಹಿಮೋಗ್ಲೋಬಿನ್ ಅನ್ನು ಡಿಪೆಂಡೆಂಟ್, ಗುಂಪನ್ನು ಫಿಕ್ಸ್ಡ್ ಫ್ಯಾಕ್ಟರ್, ಆರಂಭದ ಮೌಲ್ಯವನ್ನು ಕೋವೇರಿಯೇಟ್ ಆಗಿ ಕೊಡಿ. ಆಪ್ಷನ್ಸ್‌ನಲ್ಲಿ ಪ್ಯಾರಾಮೀಟರ್ ಎಸ್ಟಿಮೇಟ್ಸ್‌ಗೆ ಗುರುತು ಹಾಕುವುದನ್ನು ಮರೆಯಬೇಡಿ, ಇಂಟರ್ವಲ್ ಸಿಗುವುದು ಆ ಪಟ್ಟಿಯಲ್ಲಿ.